ಉಂಡು ತೂಕಕ್ಕೆ ನಿಂತವಳು

ಹಳಿಯಾಳದ ಗರಡಿಯಲ್ಲಿ ಜ್ಯೂಲಿಯ ಕೈ ಅಂದರೆ ತಕ್ಕಡಿ ಇದ್ದ ಹಾಗೆ. ಯಾರನ್ನಾದರೂ ಒಮ್ಮೆ ಹೆಗಲಿಗೇರಿಸಿಕೊಂಡರೆ ಸಾಕು, ತೂಕ ಏರಿದೆಯೋ ಇಳಿದಿದೆಯೋ ಹೇಳಿಬಿಡುತ್ತಿದ್ದಳು. ಸಿದ್ದಿಯರ ಹುಡುಗಿ, ಕಾಡಂಚಿನ ಊರಿಂದ ಕುಸ್ತಿಗೆಂದೇ ಬಂದು, ಮಾನ್ವೆಲ್‌ನನ್ನು ಮದುವೆಯಾಗಿ ಹಳಿಯಾಳದಲ್ಲೇ ನಿಂತವಳು. ಕೂಸು ಹುಟ್ಟಿದ ಮೇಲೆ ಸ್ಪರ್ಧೆ ಬಿಟ್ಟಳು, ಗರಡಿ ಬಿಡಲಿಲ್ಲ. ಮುಂಜಾನೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು, ಸಂಜೆ ಮಗ ಜೆರಾಲ್ಡ್‌ನನ್ನು ಕಂಕುಳಲ್ಲಿಟ್ಟುಕೊಂಡು ಹಾಜರಾಗುವಳು. ಕೂಸು ಮ್ಯಾಟಿನ ಮೂಲೆಯಲ್ಲಿ, ಅವ್ವ ಮ್ಯಾಟಿನ ನಡುವೆ.

ಹಾಗೆ ಮರಳಿ ಬಂದ ಮೊದಲ ಸಂಜೆ, ತನ್ನ ಹಳೆಯ ಜೋಡಿ ರಾಜಶ್ರೀಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಅಯ್ಯ ನಮ್ಮವ್ವಾ, ಹತ್ತಿ ಚೀಲ ಆಗೀಯಲ್ಲೇ!"

ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಕುಸ್ತಿ ಕಲಿಸುವ ವಸ್ತಾದ ಜ್ಯೋತಿಬಾ ಮೀಸೆಯಲ್ಲೇ ನಕ್ಕ. "ನೋಡ್ರಿ, ತೂಕ ಇಳಿಸೂದಂದ್ರ ಹಿಂಗ ಇಳಿಸಬೇಕು!"

ಗರಡಿಯಲ್ಲಿ ಹಗುರಾಗುವುದು ಹೊಗಳಿಕೆಯ ಮಾತು. ಕೆಳಗಿನ ತೂಕದ ಗುಂಪಿಗೆ ಇಳಿದರೆ ಗೆಲುವು ಸಲೀಸು ಎಂಬ ಲೆಕ್ಕ. ಆದರೆ ಕೆಳಗಿಳಿಸಿದಾಗ ರಾಜಶ್ರೀ ನಿಲ್ಲಲಾರದೆ ಜ್ಯೂಲಿಯ ತೋಳು ಹಿಡಿದಳು. ಆ ಕೈ ಮಂಜಿನಂತೆ ತಣ್ಣಗಿತ್ತು.

ಮರುದಿನದಿಂದ ಜ್ಯೂಲಿ ಡಬ್ಬಿ ತರತೊಡಗಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಎದುರಿಗೆ ಕುಳಿತು, ತುತ್ತು ತುತ್ತಿಗೂ ಕಣ್ಣಿಟ್ಟು, ಎದುರಾಳಿಯನ್ನು ನೆಲಕ್ಕೆ ಒತ್ತುವಂತೆ ಒತ್ತಿ ಒತ್ತಿ ಉಣ್ಣಿಸಿದಳು. ಡಬ್ಬಿ ಖಾಲಿಯಾಯಿತು. ಗೆದ್ದೆ ಅಂದುಕೊಂಡು ಪಾತ್ರೆ ತೊಳೆಯಲು ಗರಡಿಯ ಹಿತ್ತಲಿಗೆ ಹೋದರೆ, ಬಚ್ಚಲ ಹಿಂದಿನಿಂದ ರಾಜಶ್ರೀ ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಕಣ್ಣು ಕೆಂಪಗಿದ್ದವು.

"ನಾ ಬಡದ ರೊಟ್ಟಿ ಹಂಗ ಹೊರಗ ಹಾಕಿದೇನ?" ಜ್ಯೂಲಿ ಸಿಡಿದಳು.

"ನಾ ಬೇಕಂತ ಮಾಡ್ತೇನೇನು?" ರಾಜಶ್ರೀ ಕುಕ್ಕರಗಾಲಲ್ಲಿ ಕುಸಿದಳು. "ಮೊದಲ ತೂಕಕ್ಕಂತ ಮಾಡಿದ್ದು ಖರೆ. ಈಗ ನಾ ಬ್ಯಾಡಂದ್ರೂ ಬಿಡವಲ್ದು. ಹೊಟ್ಟಿಯಾಗ ಅನ್ನ ಬಿತ್ತಂದ್ರ ಹೆದರಿಕಿ ಬರ್ತೈತಿ, ಜ್ಯೂಲಿ."

ಮ್ಯಾಟಿನ ಮೇಲೆ ಯಾರಿಗೂ ಹೆದರದ ಹುಡುಗಿ ತುತ್ತು ಅನ್ನಕ್ಕೆ ಹೆದರಿದ್ದಳು. ತಾನು ಹಾಕಿದ ಪಟ್ಟು ತಪ್ಪು ಎಂದು ಜ್ಯೂಲಿಗೆ ಆಗ ಹೊಳೆಯಿತು. ಪಕ್ಕದಲ್ಲಿ ಕುಳಿತು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಿಮ್ಮವ್ವಗ ಹೇಳೂಣು. ಹೇಳಾಕಿ ನೀನ. ಬಾಜೂಕ ಕುಂದರಾಕಿ ನಾನು."

ತಾಯಿ ನೀಲಕ್ಕ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. ಜ್ಯೂಲಿ ಧಾರವಾಡದ ಮನೋರೋಗದ ಡಾಕ್ಟರ ಹೆಸರೆತ್ತಿದಾಗಲಂತೂ ಸೆರಗು ಬಾಯಿಗೆ ಹೋಯಿತು. "ನಮ್ಮ ಹುಡುಗಿಗೆ ಹುಚ್ಚೇನು?"

"ಮಾವಶಿ, ಮೊಣಕಾಲು ಉಳುಕಿದಾಗ ಎಲುಬಿನ ಡಾಕ್ಟರ್ ಕಡೆ ಕರಕೊಂಡು ಹೋಗಿದ್ರಿಲ್ಲೋ? ಇದೂ ಉಳುಕರೀ. ಒಳಗ ಐತಿ, ಕಾಣವಲ್ದು, ಅಷ್ಟ."

ಡಾಕ್ಟರಮ್ಮ ರಕ್ತ ನೋಡಿದರು, ಎದೆ ನೋಡಿದರು, ಬಹಳ ಹೊತ್ತು ಮಾತಾಡಿಸಿದರು. ಸದ್ಯಕ್ಕೆ ಕುಸ್ತಿ ಬೇಡ. ಹೊತ್ತಿಗೆ ಸರಿಯಾಗಿ ಊಟ, ಜೊತೆಗೆ ಉಣ್ಣುವವರು ಒಬ್ಬರು. ತಟ್ಟೆ ಕಾಯಬಾರದು. ದಪ್ಪ, ಸಣ್ಣ ಎಂಬ ಮಾತನ್ನು ಆಡಲೇಬಾರದು. ಉಂಡ ಮೇಲಿನ ಹೊತ್ತು ಕಠಿಣ, ಆಗ ಒಂಟಿಯಾಗಿ ಬಿಡಬೇಡಿ ಎಂದರು.

ಮರಳುವ ಬಸ್ಸಿನಲ್ಲಿ ಜ್ಯೂಲಿಯ ಯೋಚನೆಯೆಲ್ಲ ಆ ಕೊನೆಯ ಮಾತಿನ ಮೇಲೆ. ಬಚ್ಚಲ ಬಾಗಿಲಲ್ಲಿ ಪೊಲೀಸನಂತೆ ನಿಲ್ಲಲಾದೀತೇ?

ಮರುದಿನ ರಾಜಶ್ರೀಯ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಉಂಡರು. ಜ್ಯೂಲಿ ಬಾಯಿತುಂಬ ಅತ್ತೆಯ ಕೋಳಿಗಳ ಸುದ್ದಿ ಹೇಳಿದಳು. ಕೈತೊಳೆದದ್ದೇ ತಡ, ಜೆರಾಲ್ಡ್‌ನನ್ನು ರಾಜಶ್ರೀಯ ಮಡಿಲಿಗೆ ಹಾಕಿದಳು. "ಒಂಚೂರು ಹಿಡಿ, ಪಾತ್ರಿ ತಿಕ್ಕಿ ಬರ್ತೇನಿ."

ಹಾಲು ಕುಡಿದಿದ್ದ ಕೂಸು ಅಲ್ಲೇ ನಿದ್ದೆಹೋಯಿತು. ಮಲಗಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡವರು ಮನೆಗೆ ಬೆಂಕಿ ಬಿದ್ದರೂ ಥಟ್ಟನೆ ಏಳುವುದಿಲ್ಲ. ಜ್ಯೂಲಿ ಇದ್ದ ಎರಡು ತಟ್ಟೆಗಳನ್ನು ತಿಕ್ಕಿದ್ದೇ ತಿಕ್ಕಿದ್ದು. ಒಳಗೆ ರಾಜಶ್ರೀ ಬೆವರುತ್ತಿದ್ದಳು, ತುಟಿ ಕಚ್ಚುತ್ತಿದ್ದಳು, ಆದರೆ ತೊಡೆ ಅಲುಗಿಸಲಿಲ್ಲ.

ಕೆಲವು ದಿನಗಳಲ್ಲಿ ಅವಳಿಗೂ ಗೊತ್ತಾಯಿತು. "ಇದೇನ ನಿನ್ನ ಹೊಸ ಪಟ್ಟು?"

"ಹೂಂ. ಬಿಡಿಸ್ಕೋ ನೋಡೂಣು."

ಬಿಡಿಸಿಕೊಂಡ ದಿನಗಳೂ ಇದ್ದವು. ಒಮ್ಮೆ ಕೂಸನ್ನು ಮೆಲ್ಲಗೆ ಚಾಪೆಗೆ ಇಳಿಸಿ ಬಚ್ಚಲಿಗೆ ಹೋಗಿ ಬಂದಳು. ಆದರೆ ಆ ಸಲ ತಾನೇ ಬಂದು ಹೇಳಿದಳು. ಜ್ಯೂಲಿ ಬೈಯಲಿಲ್ಲ. "ಹೇಳಿದ್ಯಲ್ಲ, ಸಾಕು. ಸಂಜಿ ಊಟಕ್ಕ ಬರ್ತೇನಿ, ಜ್ವಾಳದ ಹಿಟ್ಟು ನಾದಿಡು."

ಮಳೆಗಾಲ ಕಳೆಯಿತು. ಜೆರಾಲ್ಡ್ ಅಂಬೆಗಾಲಿಟ್ಟು, ರಾಜಶ್ರೀಯ ತಟ್ಟೆಗೇ ಕೈಹಾಕುವಷ್ಟು ದೊಡ್ಡವನಾದ. ಧಾರವಾಡದ ಡಾಕ್ಟರಮ್ಮ ಮ್ಯಾಟಿಗೆ ಇಳಿಯಬಹುದೆಂದರು. ಅಷ್ಟರಲ್ಲೇ ದಾಂಡೇಲಿಯಲ್ಲಿ ಆಯ್ಕೆ ಕುಸ್ತಿ ಬಂತು.

"ಹಳೇ ತೂಕದ ಗುಂಪಿನಾಗ ಆಡು. ಸ್ವಲ್ಪ ಇಳಿಸಿದ್ರ ಆತು," ಎಂದ ಜ್ಯೋತಿಬಾ.

ಇಷ್ಟು ದಿನ ಕಟ್ಟಿದ್ದೆಲ್ಲ ಆ ಒಂದು ಮಾತಿಗೆ ಕುಸಿಯಬಹುದಿತ್ತು. ಜ್ಯೂಲಿ ಬಾಯಿ ತೆರೆಯುವಷ್ಟರಲ್ಲಿ ರಾಜಶ್ರೀಯೇ ಮುಂದೆ ಬಂದಳು.

"ಇಲ್ರೀ ವಸ್ತಾದರ. ಮ್ಯಾಲಿನ ಗುಂಪಿನಾಗ ಆಡ್ತೇನಿ. ಇಲ್ಲಾಂದ್ರ ಆಡೂದಿಲ್ಲ."

"ಹುಚ್ಚೀ, ಅಲ್ಲಿ ಹುಡುಗ್ಯಾರು ಎಮ್ಮಿ ಇದ್ದಂಗ ಇರ್ತಾರ!"

"ಇರವಲ್ರ್ಯಾಕ. ನಾ ಜ್ಯೂಲಿ ಕೂಡ ಆಡಿ ಬೆಳದಾಕಿ."

"ಏ, ನನಗ ಎಮ್ಮಿ ಅಂದ್ಯಾ?" ಎಂದು ಜ್ಯೂಲಿ ಟವೆಲ್ ಎಸೆದಳು. ಗರಡಿಯೆಲ್ಲ ನಕ್ಕಿತು. ಜ್ಯೋತಿಬಾ ಮೀಸೆ ತಿರುವಿ, ಹೆಸರನ್ನು ಮೇಲಿನ ಗುಂಪಿಗೇ ಬರೆಸಿದ.

ಆಯ್ಕೆಯ ಮುಂಜಾನೆ ದಾಂಡೇಲಿಯ ಅಂಗಳದಲ್ಲಿ ಹುಡುಗಿಯರು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಬೆವರಿಳಿಸಲು ಓಡುತ್ತಿದ್ದರು. ತೂಕ ಮುಗಿಯುವ ತನಕ ನೀರೂ ಮುಟ್ಟದವರು. ರಾಜಶ್ರೀ ಬೇವಿನ ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಡಬ್ಬಿ ಬಿಚ್ಚಿದಳು. ರೊಟ್ಟಿ ಮುರಿದು ಹಿಂಡಿ ಹಚ್ಚಿ, ಒಂದು ಚೂರು ಜೆರಾಲ್ಡ್‌ನ ಬಾಯಿಗೆ, ಒಂದು ತನ್ನ ಬಾಯಿಗೆ. ಓಡುತ್ತಿದ್ದವರು ಕಣ್ಣು ಬಿಟ್ಟು ನೋಡಿದರು. ಕೊನೆಯ ತುತ್ತು ನುಂಗಿ, ಕೈತೊಳೆದು, ನೆಟ್ಟಗೆ ನಡೆದುಹೋಗಿ ತೂಕದ ಮಷೀನಿನ ಮೇಲೆ ನಿಂತಳು. ಅಂಕಿ ನೋಡಲಿಲ್ಲ. ದೂರದಲ್ಲಿದ್ದ ಜ್ಯೂಲಿಯನ್ನು ನೋಡಿ ಕಣ್ಣು ಮಿಟುಕಿಸಿದಳು. ಜ್ಯೂಲಿಯ ಮಟ್ಟಿಗೆ ಕುಸ್ತಿ ಆಗಲೇ ಗೆದ್ದಾಗಿತ್ತು.

ಆದರೂ ಮ್ಯಾಟಿನ ಮೇಲೂ ಗೆದ್ದಳು. ಕೊನೆಯ ಸುತ್ತಿನಲ್ಲಿ, ಜೋಯಿಡಾ ಕಡೆಯ ಗಟ್ಟಿಗಿತ್ತಿಯೊಬ್ಬಳನ್ನು ಹೆಗಲಿಗೆತ್ತಿ ಬೆನ್ನು ನೆಲಕ್ಕೆ ತಾಗಿಸಿದಳು.

ಸೀಟಿ ಊದಿದ್ದೇ ಜ್ಯೂಲಿ ಕೂಸನ್ನು ನೀಲಕ್ಕನ ಕೈಗೆ ತುರುಕಿ ಓಡಿದಳು. ರಾಜಶ್ರೀಯನ್ನು ಎತ್ತಿ ಹೆಗಲಿಗೇರಿಸಿದಳು. ಭಾರಕ್ಕೆ ಜ್ಯೂಲಿಯ ಬೆನ್ನು ಕಟ್ ಎಂದಿತು. ಆ ಕೈಗೆ ಎಲ್ಲ ತಿಳಿಯಿತು.

"ಹೆಂಗೈತ್ಯೇ ತೂಕ?" ಜ್ಯೋತಿಬಾ ಕೂಗಿದ.

"ಅದನ್ನ ತಗೊಂಡು ನೀವೇನ್ಮಾಡ್ತೀರಿ ವಸ್ತಾದರ? ಹುಡುಗಿ ಹಸದಾಳ, ಮೊದಲ ಡಬ್ಬಿ ತರ್ರಿ!"