ಮಣ್ಣಿಗೆ ಹೋದ ಫೋನ್

ಗೆಳೆಯರೇ, ನಡುಮಧ್ಯಾಹ್ನದಲ್ಲೂ ಮೈ ನಡುಗುತ್ತದೆಂದು ಇಂದು ಗೊತ್ತಾಯಿತು.

ಬೆಳೆ ಸಮೀಕ್ಷೆ ಮಾಡುವವರಿಗೆ ನಮ್ಮ ಕಂಪನಿ ಆಂಡ್ರಾಯ್ಡ್ ಫೋನ್ ಕೊಡುತ್ತದೆ. ಅವನ್ನೆಲ್ಲ ದೂರದಿಂದಲೇ ನಿಯಂತ್ರಿಸುವ ಸರ್ವರ್ ಕೋಡ್ ನೋಡಿಕೊಳ್ಳುವುದು ಮೂಡಲಗಿಯಲ್ಲಿ ಕೂತ ನನ್ನ ಕೆಲಸ. ಒಮ್ಮೆ ಪಟ್ಟಿಯಿಂದ ತೆಗೆದ ಫೋನ್ ಏನೇ ಸಂದೇಶ ಕಳಿಸಿದರೂ ಹಳೆಯ ಕೋಡ್ ಅದನ್ನು ಸದ್ದಿಲ್ಲದೆ ಎಸೆಯುತ್ತಿತ್ತು. ಇಂದು ಅದನ್ನು ಸರಿಪಡಿಸಿದೆ. ಕೂಡಲೇ ಪರದೆಯ ಮೇಲೆ ಹೊಸದೊಂದು ಸಾಲು ಬಂತು: ಕಲ್ಲಪ್ಪ, ನಾಗನೂರ, ಎರಡು ನಿಮಿಷದ ಹಿಂದೆ ಸಂಪರ್ಕದಲ್ಲಿದ್ದರು.

ನಾಗನೂರಿನಲ್ಲಿ ನಮಗೆ ಸಮೀಕ್ಷೆ ಮಾಡುತ್ತಿದ್ದ ಕಲ್ಲಪ್ಪ ಕಾಕಾ ತೀರಿಕೊಂಡು ಎರಡು ವರ್ಷವಾಗಿದೆ. ಗೋಕಾಕದಲ್ಲಿರುವ ಮೇಲ್ವಿಚಾರಕಿ ಶಾಂತಕ್ಕನಿಗೆ ಕರೆ ಮಾಡಿದೆ.

“ಆ ಫೋನ್ ಅವರ ಎದಿ ಮ್ಯಾಲ ಇಟ್ಟು ಮಣ್ಣು ಹಾಕ್ಯಾರವಾ. ನಾನ ನಿಂತು ನೋಡೇನಿ,” ಎಂದರು.

ಫೋನಿಗೆ ರಿಂಗ್ ಆಗುವ ಆದೇಶ ಕಳಿಸಿದೆ. ಸರ್ವರ್ ಉತ್ತರಿಸಿತು: “ಕಲ್ಲಪ್ಪ ರಿಂಗ್ ನಿಲ್ಲಿಸಿದ್ದಾರೆ.”

ಶಾಂತಕ್ಕನ ಕರೆ ಮುಗಿಸಿದೆ. ಧೈರ್ಯ ಮಾಡಿ ಆ ನಂಬರಿಗೇ ಕರೆ ಮಾಡಿದೆ. ಎತ್ತಿದವರು ಕಲ್ಲಪ್ಪ ಕಾಕಾನ ಹೆಂಡತಿ, ಗಂಗವ್ವ ಕಾಕು.

“ಮಣ್ಣಾಗ ಇಟ್ಟಿದ್ದು ನನ್ನ ಫೋನವಾ. ಎರಡೂ ಒಂದ ನಮೂನಿ ಇದ್ವು, ಯಾರಿಗೂ ತಿಳೀಲಿಲ್ಲ. ಅವರದು ನನ್ನ ಹತ್ರ ಇರ್ಲಿ, ನಂದು ಅವರ ಹತ್ರ ಇರ್ಲಿ ಅಂತ ಬದಲ್ ಮಾಡಿದೆ.”

ನಿಟ್ಟುಸಿರು ಬಿಟ್ಟೆ. ಕಂಪನಿಯ ಫೋನ್ ವಾಪಸ್ ಕೊಡಿ ಎನ್ನಲು ಮನಸ್ಸು ಬರಲಿಲ್ಲ. ಆದರೆ ಕಾಕು ಇನ್ನೂ ಮಾತು ಮುಗಿಸಿರಲಿಲ್ಲ.

“ಒಮ್ಮೊಮ್ಮೆ ನನ್ನ ಹಳೇ ನಂಬರಿಗೆ ಫೋನ್ ಹಚ್ಚತೇನಿ. ಹ್ವಾದ ವಾರ ರಿಂಗ್ ಆತು ನೋಡು.”

ಪುಣ್ಯಕ್ಕೆ ಆ ಫೋನ್ ನಮ್ಮ ಸರ್ವರ್‌ನಲ್ಲಿಲ್ಲ.