ಮೂರು ಶೇರು ತೊಗರಿಗೆ ಒಬ್ಬ ತಮ್ಮ

ಬಸ್ಸು ಹತ್ತಿದರೆ ನನ್ನ ಮಗ ಸಿದ್ದುವಿಗೆ ವಾಂತಿ. ಹಾಗಾಗಿ ಸೇಡಂನಿಂದ ಅದೇ ತಾಲೂಕಿನ ಮುಧೋಳದ ನನ್ನ ತವರಿಗೆ ನಮ್ಮ ಮೂರು ಗಾಲಿಯ ಬ್ಯಾಟರಿ ಸೈಕಲ್ಲಿನಲ್ಲೇ ಹೊರಟೆವು. ಮುಂದಿನ ಮರದ ಪೆಟ್ಟಿಗೆಯಲ್ಲಿ ಮೂರು ವರ್ಷದ ಸಿದ್ದು, ಏಳು ವರ್ಷದ ಅವನಕ್ಕ ಗೌರಿ. ಜಾಗಕ್ಕಾಗಿ ದಾರಿಯುದ್ದಕ್ಕೂ ಇಬ್ಬರದೂ ಜಗಳ. ಬ್ಯಾಟರಿ ಇದ್ದರೂ ತುಳಿದು ತುಳಿದು ಸುಸ್ತಾಗಿ ಒಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿದೆ.

ಅಂಗಡಿಯ ಮುದುಕಿ ಪೆಟ್ಟಿಗೆಯ ಸುತ್ತ ಬಂದು ನೋಡಿ ನನ್ನನ್ನು ಕೇಳಿದಳು: "ಏನ್ ಮಾರ್ಲಿಕತ್ತೀದಿ ಯವ್ವಾ? ಐಸ್‌ಕ್ರೀಮೇನು?"

ನಾನು ಬಾಯಿ ತೆರೆಯುವ ಮೊದಲೇ ಗೌರಿ, "ನಮ್ಮ ತಮ್ಮನ್ನ ಮಾರ್ಲಿಕತ್ತೀವಿ ಆಯಿ," ಎಂದಳು.

ಮುದುಕಿ ನಗಲಿಲ್ಲ. ಸಿದ್ದುವಿನ ಬಾಯಿ ತೆರೆಸಿ ಹಲ್ಲು ನೋಡಿದಳು. "ಭಾಳ ಸಣ್ಣಾಂವ ಅದಾನ. ಎರಡು ಶೇರು ತೊಗರಿ ಕೊಡ್ತೀನಿ ನೋಡು."

"ಮೂರು ಕೊಡ್ರಿ," ಎಂದಳು ಗೌರಿ.

"ಆಗ್ಲಿ," ಎಂದವಳೇ ಸಿದ್ದುವನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಅಳುತ್ತಾನೆ ಅಂದುಕೊಂಡೆ. ಒಳಗಿನಿಂದ ಅವನ ನಗುವಿನ ಕೇಕೆ ಕೇಳಿಸಿತು.

ಗೌರಿಯ ಮುಖ ಬಾಡಿತು. ಪೆಟ್ಟಿಗೆಯಿಂದ ಜಿಗಿದು ಒಳಗೋಡಿದಳು. ನಾನೂ ಹಿಂದೆಯೇ ಹೋದೆ.

"ಆಯಿ, ನಿಮ್ಮ ತೊಗರಿ ಬ್ಯಾಡ್ರಿ! ನಮ್ಮ ಸಿದ್ದೂನ ಕೊಡ್ರಿ!"

"ಯಾಪಾರ ಮುಗೀತಲ್ಲವ್ವಾ."

ಗೌರಿ ಗೊಳೋ ಎಂದು ಅಳತೊಡಗಿದಳು. ಸಿದ್ದು ಮಾತ್ರ ಬಾಯಿ ತುಂಬ ಬೆಲ್ಲ, ಶೇಂಗಾ ಇಟ್ಟುಕೊಂಡು, "ನಾ ಬರಂಗಿಲ್ಲ," ಎಂದ. ಮುದುಕಿ ಗೌರಿಯ ಕಣ್ಣೊರೆಸಿ, "ಅಳಬ್ಯಾಡ ತಾಯಿ, ನಿನ್ನ ತಮ್ಮ ನಿನಗೇ ಇರ್ಲಿ. ಬಾ, ನೀನೂ ತಿನ್ನು," ಎಂದು ಪಕ್ಕದಲ್ಲಿ ಕೂರಿಸಿಕೊಂಡಳು.

ಈಗ ಇಬ್ಬರೂ ಬರುವುದಿಲ್ಲವಂತೆ. ನಾನು ಹೊರಗಿನ ಬೆಂಚಿನಲ್ಲಿ ಕೂತು ಎರಡನೇ ಚಹಾ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ನನಗೂ ಅವಸರವಿಲ್ಲ.