ಮಗಳಿಲ್ಲದ ಹತ್ತು ದಿನ

ಮಗಳನ್ನು ಬೇಸಿಗೆ ಶಿಬಿರಕ್ಕೆ ಕಳಿಸಿದಾಗ ಅವಳಿಗೆ ಒಂಬತ್ತು ವರ್ಷ. ಅಲ್ಲಿಯವರೆಗೆ ತಾಯಿಯ ಸೆರಗು ಹಿಡಿಯದೆ ಮಲಗಿದವಳಲ್ಲ. ತಲೆ ಬಾಚುವುದು, ಅನ್ನ ಕಲಸಿ ಕೊಡುವುದು, ಶಾಲೆಯ ಚೀಲ ತುಂಬುವುದು ಎಲ್ಲ ತಾಯಿಯೇ. ನಾನು ಹಿಂಗಣಾದ ಕಾರ್ಖಾನೆಗೆ ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಮನೆ ಸೇರುತ್ತಿದ್ದದ್ದು ಸಂಜೆಗೆ. ಹುಬ್ಬಳ್ಳಿ ಬಿಟ್ಟು ನಾಗಪುರಕ್ಕೆ ಬಂದು ಆರು ವರ್ಷವಾಗಿದ್ದರೂ ಹತ್ತಿರದವರು ಅಂತ ಇದ್ದದ್ದು ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಒಬ್ಬರೇ.

ಆ ಏಪ್ರಿಲ್‌ನಲ್ಲಿ ನನ್ನ ಹೆಂಡತಿಯ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಮೇ ತಿಂಗಳಲ್ಲಿ ಆಪರೇಷನ್ ಎಂದರು. ಮಗಳಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ, ಹೆಂಡತಿ ಶಾಲೆಯಿಂದ ಬಂದ ಒಂದು ಚೀಟಿ ತಂದು ಮುಂದಿಟ್ಟಳು. ಊರಾಚೆ ಕೆರೆಯ ದಂಡೆಯಲ್ಲಿ ಮಕ್ಕಳಿಗೆ ಹತ್ತು ದಿನದ ಶಿಬಿರ. ಇಂಥ ಹೊತ್ತಿನಲ್ಲಿ ಹುಡುಗಿ ನಮ್ಮ ಹತ್ತಿರವೇ ಇರಲಿ ಎಂದೆ ನಾನು.

“ದವಾಖಾನ್ಯಾಗ ನನ್ನ ನೋಡಿ ಆಕಿ ಅಂಜೂದು ಬ್ಯಾಡ್ರಿ,” ಎಂದಳು. ಚೀಟಿಯನ್ನು ನನ್ನ ಕಡೆ ಸರಿಸಿ, “ನಾ ಇಲ್ದ ಹೆಂಗ ಇರಬೇಕಂತನೂ ಆಕಿ ಕಲೀಲಿ,” ಎಂದಳು.

ಚೀಟಿಗೆ ಸಹಿ ಹಾಕಿ ಕೊಟ್ಟೆ.

ಗಾಂಧಿಬಾಗ್ ಪೇಟೆಯ ಗದ್ದಲದಲ್ಲಿ ತಿರುಗಾಡಿ ಅವಳೇ ಹತ್ತಿಯ ಅಂಗಿ, ಟೋಪಿ ತಂದಳು. ಒಂದೊಂದು ಬಟ್ಟೆಯ ಒಳಮಗ್ಗುಲಿಗೂ ಕೆಂಪು ದಾರದಲ್ಲಿ ಮಗಳ ಹೆಸರು ಹೊಲಿದಳು. ಬಸ್ ಹತ್ತುವಾಗ ಹುಡುಗಿ ಅತ್ತಳು, ಇವಳು ನಗುತ್ತ ಕೈ ಬೀಸಿದಳು. ಬಸ್ಸು ತಿರುವು ದಾಟಿದ ಮೇಲೆ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಏಳಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಅದೇ ದಿನ ಅವಳನ್ನು ಆಪರೇಷನ್‌ಗೆಂದು ಆಸ್ಪತ್ರೆಗೆ ಸೇರಿಸಿದೆ.

ಎರಡನೆಯ ದಿನ ಶಿಬಿರದ ಟೀಚರ್ ಫೋನಿನಿಂದ ಮಗಳು ಮಾತಾಡಿದಳು. ಅಳುವಿನಲ್ಲಿ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಕರೆದುಕೊಂಡು ಬರುತ್ತೇನೆ ಎನ್ನುವುದರಲ್ಲಿದ್ದೆ. ಆಸ್ಪತ್ರೆಯ ಮಂಚದಿಂದಲೇ ಹೆಂಡತಿ ಕೈಚಾಚಿ ಫೋನ್ ತೆಗೆದುಕೊಂಡು, ನಾಳೆ ಬೆಳಿಗ್ಗೆಯವರೆಗೆ ಇದ್ದು ನೋಡು, ಆಮೇಲೂ ಬರಬೇಕೆನಿಸಿದರೆ ಅಪ್ಪ ಬರುತ್ತಾನೆ ಎಂದು ಸಮಾಧಾನವಾಗಿ ಹೇಳಿದಳು. ಮರುದಿನ ಫೋನ್ ಬರಲಿಲ್ಲ. ಅವಳು ಮಾತ್ರ ಇಡೀ ದಿನ ಫೋನನ್ನು ದಿಂಬಿನ ಪಕ್ಕದಿಂದ ಸರಿಸಗೊಡಲಿಲ್ಲ.

ಹತ್ತು ದಿನ ಕಳೆದು ಮಗಳು ಬಿಸಿಲಿಗೆ ಕಪ್ಪಾಗಿ ಬಂದಳು. ಅವಳೇ ಹಾಕಿಕೊಂಡ ಎರಡು ಸೊಟ್ಟ ಜಡೆ, ಅವಳೇ ಒಗೆದು ಮಡಚಿಟ್ಟ ಬಟ್ಟೆ. ಅಳುವ ಒಂದು ಪುಟ್ಟ ಹುಡುಗಿಯನ್ನು ದಿನಾ ಮಲಗಿಸುವ ಕೆಲಸ ತನ್ನದಾಗಿತ್ತೆಂದು ದೊಡ್ಡವಳಂತೆ ಹೇಳಿದಳು. ಬೇಡವೆನ್ನದೆ ಹಾಗಲಕಾಯಿ ತಿಂದಳು. ಆಪರೇಷನ್ ಆದ ಮಗ್ಗುಲಿನ ಕೈ ಮೇಲೆತ್ತಲು ತಾಯಿಗೆ ಆಗುತ್ತಿರಲಿಲ್ಲ. ಜಡೆ ಬಿಚ್ಚಿ ಮತ್ತೆ ಹೆಣೆಯುವುದು ಆಗದ ಮಾತು. ಇನ್ನೊಂದು ಕೈಯಿಂದ ಜಡೆಯ ತುದಿ ಹಿಡಿದು, ಚಲೋ ಹಾಕ್ಕೊಂಡೀಯಲ್ಲ ಎಂದಳು. ಆ ಸಂಜೆಯೇ ನಾವು ಮಗಳಿಗೆ ಕಾಯಿಲೆಯ ವಿಷಯ ಹೇಳಿದೆವು.

ಮುಂದಿನ ಮಾರ್ಚ್‌ನಲ್ಲಿ ಹೆಂಡತಿ ತೀರಿಕೊಂಡಳು.

ಅಂದು ಬೆಳಿಗ್ಗೆ ಮಗಳು ತಾನೇ ಸ್ನಾನ ಮಾಡಿ, ಜಡೆ ಹಾಕಿಕೊಂಡು ಹೊರಗೆ ಬಂದಳು. ಹಿಂದಿನ ದಿನವೇ ಹುಬ್ಬಳ್ಳಿಯಿಂದ ಬಂದಿದ್ದ ನೆಂಟರಿಗೆ ನೀರು ಕೊಟ್ಟಳು. ನನ್ನ ತಂಗಿಯ ಕೂಸು ಗಾಬರಿಯಾಗಿ ಅತ್ತಾಗ ಎತ್ತಿಕೊಂಡು ಕಾಕುವಿನ ಮನೆಗೆ ಹೋಗಿ ಮಲಗಿಸಿ ಬಂದಳು. ಹುಡುಗಿ ಗಟ್ಟಿ, ಶಿಬಿರಕ್ಕೆ ಕಳಿಸಿದ್ದು ಒಳ್ಳೆಯದಾಯಿತು ಎಂದು ಯಾರೋ ಅಂದರು. ಅವರನ್ನು ಮನೆಯಿಂದ ಹೊರಗೆ ಹಾಕಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ತಾಯಿಗೆ ಉಳಿದಿದ್ದ ಹತ್ತು ತಿಂಗಳಲ್ಲಿ ಹತ್ತು ದಿನ ಮಗಳನ್ನು ದೂರ ಇಟ್ಟವರು ನಾವೇ ಎಂಬ ಲೆಕ್ಕ ಆ ಹೊತ್ತಿಗೆ ನನ್ನ ತಲೆಯಲ್ಲಿ ಶುರುವಾಗಿಬಿಟ್ಟಿತ್ತು.

ಈಗ ಅವಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಹೊಸ ಊರು, ಹೊಸ ಜನ ಎಂದರೆ ಅಂಜಿಕೆಯಿಲ್ಲ. ಮೇ ಬಂದರೆ ಅದೇ ಶಿಬಿರಕ್ಕೆ ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತಾಳೆ. ಮೊದಲ ದಿನ ಅಳುವ ಮಕ್ಕಳನ್ನೆಲ್ಲ ಅವಳಿಗೇ ಒಪ್ಪಿಸುತ್ತಾರಂತೆ. ಈ ಸಲ ಹೊರಡುವ ಹಿಂದಿನ ಮಧ್ಯಾಹ್ನ ಕೂಲರ್ ಮುಂದೆ ಕೂತು ಬ್ಯಾಗ್ ತುಂಬುತ್ತಿದ್ದಳು. ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ: ಆಗ ನಿನ್ನನ್ನು ಕಳಿಸಿದೆವೆಂದು ಸಿಟ್ಟಿದೆಯೇ?

“ಇತ್ತು ಪಪ್ಪಾ. ಭಾಳ ಇತ್ತು,” ಎಂದಳು. ಕೈಯಲ್ಲಿದ್ದ ಅಂಗಿಯನ್ನು ಮಡಚುತ್ತಲೇ ಇದ್ದಳು. “ಅಲ್ಲಿ ಕಲ್ತದ್ದೆಲ್ಲಾ ನಂಗ ಉಪಯೋಗ ಆಗೇತಿ, ಅದು ಬರೋಬರ್. ಆದ್ರ ಆ ಹತ್ತ ದಿನ ಅಮ್ಮ ಏನ್ ತಿಂದ್ಲು, ಏನ್ ಮಾತಾಡಿದ್ಲು, ನಂಗೊತ್ತಿಲ್ಲ. ನಿಂಗ ಗೊತ್ತೈತಿ. ನೀ ಒಂದಿನಾನೂ ಹೇಳಲಿಲ್ಲ.”

ಅವಳಿಗೆ ನೋವಾಗಬಾರದೆಂದೇ ನಾನು ಆ ದಿನಗಳ ಮಾತೆತ್ತಿರಲಿಲ್ಲ. ಅದೇ ಅವಳಿಗೆ ನೋವಾಗಿತ್ತು.

ಬ್ಯಾಗ್ ಹಾಗೇ ಬಿಟ್ಟು ಅವಳು ನನ್ನ ಪಕ್ಕ ಬಂದು ಕೂತಳು. ಒಂದೊಂದೇ ದಿನ ಹೇಳುತ್ತ ಹೋದೆ. ಆಪರೇಷನ್‌ಗೆ ಒಳಗೆ ಹೋಗುವ ಮುಂಚೆ ಅವಳ ತಾಯಿ ಬಳೆ ಬಿಚ್ಚಲಾಗದೆ ನಕ್ಕದ್ದು, ನರ್ಸ್‌ಗೆ ಕನ್ನಡದಲ್ಲಿ ನೀರು ಕೇಳಿದ್ದು, ಕಾಕು ತಂದ ಗಂಜಿಗೆ ಉಪ್ಪು ಕಡಿಮೆಯೆಂದು ನನ್ನ ಕಿವಿಯಲ್ಲಿ ದೂರಿದ್ದು. ಮಗಳು ನಡುವೆ ನಕ್ಕಳು, ಕಣ್ಣೊರೆಸಿಕೊಂಡಳು. ಆರನೆಯ ದಿನದ್ದು ಮುಗಿಸಿ ಏಳನೆಯದಕ್ಕೆ ಬಂದಾಗ ನನ್ನ ಮಾತು ನಿಂತಿತು. ಎಷ್ಟು ಯೋಚಿಸಿದರೂ ಆ ದಿನ ಏನಾಯಿತೆಂಬುದು ನೆನಪಿಗೆ ಬರಲಿಲ್ಲ.